ಸೇಫ್ಟಿ ವಾಲ್ವ್ ಬಿಡಿ, ನೀರೆಷ್ಟಿದೆ ಅಂತ ಕೇಳಿ

ಮಗನ ಜೊತೆ ಪುಣೆಯಲ್ಲಿ ಪುಟ್ಟ ಉಗಿಬಂಡಿ ಕಟ್ಟುತ್ತಿದ್ದೀರಿ, ಬಾಯ್ಲರ್ ಸಿಡಿಯದಿರೋಕೆ ಸೇಫ್ಟಿ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಉಗಿ ಬಿಡುವ ಕವಾಟ) ಒಂದು ಸಾಕಾ, ಎರಡು ಬೇಕಾ ಅಂತ ಕೇಳಿದ್ದೀರಿ. ನಾಲ್ಕು ಹಾಕಿ ಬೇಕಾದ್ರೆ. ನನ್ನ ಬಾಯ್ಲರಿನ ವಾಲ್ವ್ ಸರಿಯಾಗಿಯೇ ಇತ್ತು.

1991ರಲ್ಲಿ ಮುಂಬೈ ಕುರ್ಲಾದ ಒಂದು ಡೈಯಿಂಗ್ (ಬಟ್ಟೆಗೆ ಬಣ್ಣ ಹಾಕುವ) ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಸಣ್ಣದು, ಆದರೆ ರೈಲು ಎಂಜಿನ್ನಿನ ಹಾಗೆಯೇ ಬೆಂಕಿಗೂಡಿನ ನೆತ್ತಿಯ ಮೇಲೆ ನೀರು ನಿಲ್ಲಬೇಕು. ನೀರಿಳಿದು ಆ ತಗಡು ಬರಿದಾದರೆ ಕೆಂಪಗೆ ಕಾದು ಮೆತ್ತಗಾಗುತ್ತದೆ, ಆಮೇಲೆ ಮಾಮೂಲಿ ಒತ್ತಡಕ್ಕೇ ಹರಿಯುತ್ತದೆ. ಒತ್ತಡ ಮಿತಿ ಮೀರಿಲ್ಲದಾಗ ವಾಲ್ವ್ ಪಾಪ ಏನು ಮಾಡೀತು?

ನಮ್ಮಲ್ಲಿ ಸೊಲ್ಲಾಪುರದ ಕಾಕಾ ಒಬ್ಬರಿದ್ದರು, ಉಗಿಬಂಡಿಯ ಒಲೆ ನೋಡಿಕೊಳ್ಳುತ್ತಿದ್ದ ರಿಟೈರ್ಡ್ ಫೈರ್‌ಮನ್. ಶಿಫ್ಟ್ ಶುರುವಾದ ಕೂಡಲೇ ಗೇಜ್ ಗ್ಲಾಸಿನ (ಮೇಲೊಂದು, ಕೆಳಗೊಂದು ದಾರಿಯಿಂದ ಬಾಯ್ಲರಿಗೆ ಸೇರಿ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ) ಕಾಕ್ ತೆರೆದು ನೀರು ಬಿಡು ಅಂತಿದ್ದರು. "ಗಾಜಿನ್ಯಾಗ ನೀರು ಕುಣೀಬೇಕು ತಮ್ಮಾ, ನಿಂತ ನೀರು ನಂಬಬ್ಯಾಡ." ಗಣಪತಿ ಹಬ್ಬದ ಆರ್ಡರ್, ಅವಸರ. ಎರಡೇ ನಿಮಿಷದ ಕೆಲಸ, ಆದರೂ ಬಿಸಿನೀರು ಕೈಗೆ ಸಿಡಿಯುತ್ತೆ ಅಂತ ಅದನ್ನ ಮಾಡದೇ ಬಿಟ್ಟೆ. ಒಂದು ದಿನ ಅಲ್ಲ, ವಾರವಿಡೀ. ಬೋರ್‌ವೆಲ್ ನೀರಿನ ಗಸಿ ಗಾಜಿನ ಕೆಳದಾರಿಯನ್ನು ಕಟ್ಟಿಬಿಟ್ಟಿತ್ತು. ಮೇಲಿನ ದಾರಿಯಿಂದ ಬಂದ ಉಗಿ ತಣಿದು ನೀರಾಗಿ ಗಾಜು ತುಂಬುತ್ತಾ ಹೋಯಿತು. ಒಳಗೆ ನೀರು ಇಳಿಯುತ್ತಿದೆ, ಗಾಜಿನಲ್ಲಿ ಮುಕ್ಕಾಲು! ಒಂದಿಷ್ಟೂ ಅಲುಗಾಡದ ನೀರು ನೋಡಿ ನಾನು ಖುಷಿಯಾಗಿ ಚಹಾ ಕುಡಿಯುತ್ತಿದ್ದೆ.

ಬೆಂಕಿಗೂಡಿನ ನೆತ್ತಿಯಲ್ಲಿ ಫ್ಯೂಸಿಬಲ್ ಪ್ಲಗ್ ಅಂತ ಇರುತ್ತದೆ, ನೀರಿಳಿದರೆ ಕರಗಿ ದಾರಿ ಬಿಡುವ ಸೀಸದ ಬಿರಡೆ; ಅದರ ಸೀಸ ಕರಗಿತು. ಉಗಿ ಬೆಂಕಿಯ ಮೇಲೇ ಸುರಿದು, ಬಾಗಿಲಿನಿಂದ ಬೂದಿ, ಕೆಂಡ ಎಲ್ಲ ಹೊರಗೆ. ಎಡಗೈ ಮೊಣಕೈವರೆಗೆ ಬೆಂದಿತು, ಮಾರನೇ ದಿನ ಕೆಲಸ ಹೋಯಿತು. ಪ್ಲಗ್ ಇರದಿದ್ದರೆ ಈ ಉತ್ತರ ಬರೆಯೋಕೆ ನಾನಿರುತ್ತಿರಲಿಲ್ಲ.

ದೊಡ್ಡ ಎಂಜಿನ್ ಯೋಚಿಸಿ. ನಮ್ಮ ರೈಲ್ವೆಯ ಹಳೆಯ ಉಗಿ ಎಂಜಿನ್‌ಗಳಾದ ಡಬ್ಲ್ಯೂಪಿ, ಡಬ್ಲ್ಯೂಜಿಗಳಲ್ಲಿ ಚದರ ಇಂಚಿಗೆ 210 ಪೌಂಡ್ ಒತ್ತಡ ಇರುತ್ತಿತ್ತು. ಅಷ್ಟಿದ್ದಾಗ ನೀರು ಸುಮಾರು 200 ಡಿಗ್ರಿಯಲ್ಲೂ ಕುದಿಯದೆ ಕಾದಿರುತ್ತದೆ. ತಗಡು ಹರಿದು ಒತ್ತಡ ಬಿಟ್ಟಿತೋ, ಅದರಲ್ಲಿ ಒಂದಿಷ್ಟು ನೀರು ಥಟ್ಟನೆ ಉಗಿಯಾಗುತ್ತದೆ, ಉಗಿಯಾದ ಪ್ರತಿ ಲೀಟರಿಗೆ ಸುಮಾರು 1,600 ಲೀಟರ್ ಜಾಗ ಬೇಕು. 1995ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಬಳಿ ಪ್ರವಾಸಿ ರೈಲಿನ ಎಂಜಿನ್ನಲ್ಲೂ ನೀರು ಕಮ್ಮಿಯಾಗಿ ಮೂವರು ಸುಟ್ಟುಕೊಂಡರು. ಅಲ್ಲೂ ಗೇಜ್ ಗ್ಲಾಸಿನ ದಾರಿ ಕಟ್ಟಿತ್ತು.

ನನ್ನ ಕೇಳಿದ್ರೆ, ಮೊದಲ ವರ್ಷ ಬೆಂಕಿಯೇ ಬೇಡ. ಕಂಪ್ರೆಸರ್ ಗಾಳಿಯಲ್ಲಿ ಓಡಿಸಿ, ಚಕ್ರ ತಿರುಗಿದ್ರೆ ಹುಡುಗನಿಗೆ ಸಾಕಲ್ವಾ? ಆಮೇಲೂ ಬಾಯ್ಲರ್ ಬೇಕೇಬೇಕು ಅಂದ್ರೆ ಗೇಜ್ ಗ್ಲಾಸಿನ ಫೋಟೋ ಹಾಕಿ. ಕೆಳದಾರಿ ಎಷ್ಟು ಸಣ್ಣದಿದೆ ನೋಡಿ ಹೇಳುತ್ತೇನೆ.