ದನಗಳಿಗೆ ನೀರು ಕುಡಿಸಿದ್ದು ಯಾವಾಗ?

ಪ್ರಿಯ ಬರಹಗಾರರೇ,

ನಿಮ್ಮ ಕಿರುಕಾದಂಬರಿಯ 112 ಪುಟಗಳನ್ನೂ ಅದರ ಹಿಂದೆ ಪಿನ್ ಹೊಡೆದು ಕಳಿಸಿದ್ದ ಒಂಬತ್ತು ಓದುಗರ ಅಭಿಪ್ರಾಯಗಳನ್ನೂ ಎರಡೆರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಈ ಮಾತನ್ನು ಕಾಗದದ ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಸತಾಯಿಸುವುದು ಬೇಡವೆಂದು ಮೊದಲೇ ಹೇಳಿಬಿಟ್ಟೆ. ಆದರೆ ಆಸೆ ಬಿಡಬೇಡಿ. ಕೈಬಿಟ್ಟ ಹಸ್ತಪ್ರತಿಗೆ ನಾನು ನಾಲ್ಕು ಸಾಲು ಬರೆಯುತ್ತೇನೆ, ಇಷ್ಟುದ್ದ ಬರೆಯುವುದಿಲ್ಲ.

ಕಥೆ ನನಗೆ ದಕ್ಕಿದ್ದು ಹೀಗೆ. 1871ರ ಬೇಸಿಗೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಕಡೆಯಿಂದ ಮೂರು ಸಾವಿರ ಉದ್ದಕೊಂಬಿನ ಲಾಂಗ್‌ಹಾರ್ನ್ ದನಗಳನ್ನು ಹೊಡೆದುಕೊಂಡು ಹನ್ನೆರಡು ಜನ ಚಿಜಮ್ ಜಾಡಿನಲ್ಲಿ ಉತ್ತರಕ್ಕೆ ಹೊರಡುತ್ತಾರೆ. ಗುರಿ ಕಾನ್ಸಸ್‌ನ ಅಬಿಲೀನ್, ಅಲ್ಲಿಂದ ದನಗಳಿಗೆ ರೈಲು. ಹನ್ನೆರಡು ಜನರಲ್ಲಿ ಒಬ್ಬ ತನ್ನ ಅಣ್ಣನನ್ನು ಕೊಂದವನನ್ನು ಹುಡುಕುತ್ತಿದ್ದಾನೆ. ಕೊಂದವನು ಕೊನೆಯ ಅಧ್ಯಾಯದಲ್ಲಿ ಅಬಿಲೀನ್‌ನ ಬೀದಿಯಲ್ಲಿ ಎದುರಾಗುತ್ತಾನೆ, ಗುಂಡು ಹಾರುತ್ತದೆ, ಸೇಡು ತೀರುತ್ತದೆ.

ಇನ್ನು ನಿಮ್ಮ ಓದುಗರು. ಒಂಬತ್ತರಲ್ಲಿ ಐವರು "ಓದಿಸಿಕೊಂಡು ಹೋಯಿತು" ಎಂದಿದ್ದಾರೆ. ಮದುವೆ ಮನೆಯಿಂದ ಹೊರಡುವಾಗ "ಊಟ ಚೆನ್ನಾಗಿತ್ತು" ಎನ್ನುತ್ತೇವಲ್ಲ, ಅದೇ ಜಾತಿಯ ಮಾತು ಇದು. ಸಾರಿಗೆ ಉಪ್ಪಿತ್ತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಒಬ್ಬರು ಬಂದೂಕುಗಳ ವಿವರ ಅದ್ಭುತ ಎಂದಿದ್ದಾರೆ. ಒಬ್ಬರಿಗೆ ಖಳನಾಯಕ ಸಪ್ಪೆ ಎನಿಸಿದ್ದಾನೆ. ಇನ್ನೊಬ್ಬರು ಇದನ್ನು ಮುನ್ನೂರು ಪುಟಕ್ಕೆ ಬೆಳೆಸಿ ಎಂದು ಸಲಹೆ ಕೊಟ್ಟಿದ್ದಾರೆ. ಒಂಬತ್ತನೆಯವರು ಕಡೂರಿನ ನಿಮ್ಮ ಚಿಕ್ಕಮ್ಮ. ಅವರದು ಒಂದೇ ಸಾಲು: "ಅಷ್ಟು ದನಗಳಿಗೆ ನೀರು ಕುಡಿಸಿದ್ದು ಯಾವಾಗ?" ಅದರ ಪಕ್ಕದಲ್ಲಿ ನೀವು ಆವರಣದೊಳಗೆ ಬರೆದಿದ್ದೀರಿ, ಚಿಕ್ಕಮ್ಮನಿಗೆ ಈ ಬಗೆಯ ಸಾಹಿತ್ಯದ ಪರಿಚಯವಿಲ್ಲ ಎಂದು.

ಅವರಿಗೆ ದನಗಳ ಪರಿಚಯವಿದೆ ಸ್ವಾಮಿ. ಬೀರೂರು, ಅಜ್ಜಂಪುರದ ಸುತ್ತಿನ ಅಮೃತ ಮಹಲ್ ದನಗಳ ಹುಲ್ಲುಗಾವಲುಗಳ ಮಗ್ಗುಲಲ್ಲಿ ಬದುಕಿದವರು ಹಿಂಡು ಎಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಅದು. ನಾಲ್ಕನೆಯ ಅಧ್ಯಾಯದಿಂದ ಏಳನೆಯದರವರೆಗೆ ನಿಮ್ಮ ಹಿಂಡು ಎಂಟು ದಿನ ನಡೆಯುತ್ತದೆ. ಆ ಎಂಟು ದಿನಗಳಲ್ಲಿ ನಾಯಕ ಮೂರು ಸಲ ವಿಸ್ಕಿ ಕುಡಿಯುತ್ತಾನೆ, ದನಗಳು ಒಮ್ಮೆಯೂ ನೀರು ಕುಡಿಯುವುದಿಲ್ಲ. ಬಿಸಿಲಲ್ಲಿ ನಡೆಯುವ ಒಂದು ದೊಡ್ಡ ದನಕ್ಕೆ ದಿನಕ್ಕೆ ಮೂವತ್ತು ನಲವತ್ತು ಲೀಟರ್ ಬೇಕು. ಮೂರು ಸಾವಿರಕ್ಕೆ ಲೆಕ್ಕ ಹಾಕಿ: ಲಕ್ಷ ಲೀಟರಿನ ಆಸುಪಾಸು ಆಗುತ್ತದೆ. ದಿನಕ್ಕೆ ಹತ್ತು ಹದಿನೈದು ಮೈಲಿ ಸಾಗುವ ಆ ಪಯಣದಲ್ಲಿ ಮುಖ್ಯಸ್ಥನಾದವನು ಕುದುರೆ ಏರಿ ಮುಂದೆ ಹೋಗುತ್ತಿದ್ದುದು ಶತ್ರುವನ್ನು ಹುಡುಕುವುದಕ್ಕಲ್ಲ, ಹೊಳೆಯನ್ನು ಹುಡುಕುವುದಕ್ಕೆ. ಬಾಯಾರಿದ ಹಿಂಡಿಗೆ ಗಾಳಿಯಲ್ಲಿ ನೀರಿನ ವಾಸನೆ ಬಡಿದರೆ ಹನ್ನೆರಡು ಜನರಲ್ಲ, ನೂರು ಜನರಿದ್ದರೂ ತಡೆಯುವುದು ಕಷ್ಟ. ಎಲ್ಲವೂ ಒಂದೇ ಕಡೆ ನುಗ್ಗಿದರೆ ಮುಂದಿನವು ತಿಳಿನೀರು ಕುಡಿಯುತ್ತವೆ, ಹಿಂದಿನವಕ್ಕೆ ಕೆಸರೇ ಗತಿ. ಆ ಹಿಂದಿನ ಕುಂಟು, ಮುದಿ ದನಗಳ ಬೆನ್ನ ಹಿಂದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಡೀ ಹಿಂಡಿನ ಧೂಳು ಕುಡಿಯುತ್ತ ಬರುತ್ತಿದ್ದವನು ಗುಂಪಿನಲ್ಲಿ ತೀರ ಹೊಸಬ. ನಿಮ್ಮ ಕಥೆಯಲ್ಲಿ ಆ ಹುಡುಗನೇ ಇಲ್ಲ.

ನಮ್ಮದು ತುರುಗೋಳಿನಲ್ಲಿ, ಅಂದರೆ ದನಗಳ ಸುಲಿಗೆಯ ಕಾಳಗದಲ್ಲಿ, ಸತ್ತವನಿಗೆ ವೀರಗಲ್ಲು ನಿಲ್ಲಿಸಿದ ನಾಡು. ಯಾವುದಾದರೂ ಊರ ಹೊರಗೆ ಅಂಥ ಕಲ್ಲೊಂದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೆಳಗಿನ ಪಟ್ಟಿಕೆಯನ್ನು ನೋಡಿ. ವೀರನ ಬಿಲ್ಲು ಕತ್ತಿಗಳ ಪಕ್ಕದಲ್ಲೇ ಶಿಲ್ಪಿ ದನಗಳನ್ನೂ ಕಡೆದಿರುತ್ತಾನೆ. ಮೊಳದಗಲದ ಜಾಗದಲ್ಲಿ ಅವನು ಮರೆಯದೆ ಇಟ್ಟದ್ದನ್ನು ನೀವು 112 ಪುಟಗಳಲ್ಲಿ ಮರೆತಿದ್ದೀರಿ.

ಖಳನಾಯಕ ಸಪ್ಪೆ ಎಂದವರ ದೂರು ಸರಿಯಾಗಿದೆ. ಅವನಿಗೆ ಕೆನ್ನೆಯ ಮೇಲೆ ಗಾಯದ ಗುರುತು ಕೊಡಿ, ಒಂದು ಕೊಲೆ ಹೆಚ್ಚು ಮಾಡಿಸಿ ಎಂಬ ಅವರ ಸಲಹೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಆ ದಾರಿಯಲ್ಲಿ ಮನುಷ್ಯನಿಗಿಂತ ದೊಡ್ಡ ಖಳ ನಿಮಗೆ ಪುಕ್ಕಟೆಯಾಗಿ ಸಿಗುತ್ತಿದ್ದ, ನೀವು ಅವನನ್ನು ದಾಟಿಕೊಂಡು ಹೋಗಿದ್ದೀರಿ. ಉಣುಗು. ಟೆಕ್ಸಸ್‌ನ ದನಗಳ ಮೈಮೇಲೆ ಉಣುಗುಗಳಿದ್ದವು, ಅವುಗಳ ರಕ್ತದಲ್ಲಿ ಜ್ವರದ ಬೀಜವಿತ್ತು. ಹುಟ್ಟಿನಿಂದ ಒಗ್ಗಿಕೊಂಡಿದ್ದ ಲಾಂಗ್‌ಹಾರ್ನ್‌ಗಳಿಗೆ ಏನೂ ಆಗುತ್ತಿರಲಿಲ್ಲ. ಅವು ಮೇಯ್ದು ಮುಂದೆ ಹೋದ ಹುಲ್ಲಿನಲ್ಲಿ ಕೆಲವು ವಾರಗಳ ನಂತರ ಕಾನ್ಸಸ್‌ನ ರೈತನ ಹಸು ಕಾಲಿಟ್ಟರೆ ಸಾಯುತ್ತಿತ್ತು. ಕಾನ್ಸಸ್ 1867ರಲ್ಲೇ ಟೆಕ್ಸಸ್ ದನಗಳು ದಾಟಬಾರದ ಗೆರೆಯೊಂದನ್ನು ಕಾನೂನಿನಲ್ಲಿ ಎಳೆದಿತ್ತು. ರೈತರು ಬಂದೂಕು ಹಿಡಿದು ಹಿಂಡುಗಳನ್ನು ತಡೆದದ್ದೂ ಉಂಟು. ಆದರೆ ಜ್ವರ ತರುವುದು ಉಣುಗು ಎಂದು ವಿಜ್ಞಾನಿ ಥಿಯೊಬಾಲ್ಡ್ ಸ್ಮಿತ್ ಮತ್ತು ಅವರ ಜೊತೆಗಾರರು ಸಾಧಿಸಿ ಪ್ರಕಟಿಸಿದ್ದು 1893ರಲ್ಲಿ. ಅಂದರೆ ನಿಮ್ಮ 1871ರಲ್ಲಿ ಯಾರಿಗೂ ಗೊತ್ತಿಲ್ಲ. ಗಟ್ಟಿಮುಟ್ಟಾದ ದನಗಳನ್ನು ಹೊಡೆದುಕೊಂಡು ಬಂದವನು "ನನ್ನ ಹಿಂಡಿನಲ್ಲಿ ಒಂದಕ್ಕಾದರೂ ಕಾಯಿಲೆ ಇದೆಯೇ, ನೋಡು" ಎನ್ನುತ್ತಾನೆ, ಅವನು ಹೇಳುವುದು ನಿಜ. ಕೊಟ್ಟಿಗೆಯಲ್ಲಿ ಸತ್ತ ಹಸುವನ್ನು ತೋರಿಸುವ ರೈತನ ಮಾತೂ ನಿಜ. ಈ ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ ನಿಮಗೆ ಗಾಯದ ಗುರುತಿನವನು ಬೇಕಾಗುವುದೇ ಇಲ್ಲ. ಮಂಗನ ಕಾಯಿಲೆ ಕಂಡ ಮಲೆನಾಡಿನ ಓದುಗರಿಗಂತೂ ಉಣುಗಿನ ಭಯವನ್ನು ವಿವರಿಸಬೇಕಾಗಿಲ್ಲ.

ಬಂದೂಕುಗಳನ್ನು ಹೊಗಳಿದ ಓದುಗರನ್ನು ಇಷ್ಟಕ್ಕೇ ಬಿಡಲಾರೆ. ನಿಮ್ಮ ನಾಯಕನ ಸೊಂಟದಲ್ಲಿ ಪೀಸ್‌ಮೇಕರ್ ರಿವಾಲ್ವರ್, ಕೈಯಲ್ಲಿ 1873ರ ಮಾದರಿಯ ವಿಂಚೆಸ್ಟರ್ ರೈಫಲ್. ಎರಡೂ ಬಂದದ್ದು 1873ರಲ್ಲಿ. ಐದನೆಯ ಅಧ್ಯಾಯದಲ್ಲಿ ಅವನ ಕುದುರೆಯ ಎದೆ ಸೀಳುವ ಮುಳ್ಳುತಂತಿಗೆ ಜೋಸೆಫ್ ಗ್ಲಿಡನ್ ಎಂಬಾತ ಪೇಟೆಂಟ್ ಪಡೆದದ್ದು 1874ರ ನವೆಂಬರ್‌ನಲ್ಲಿ. ಇದನ್ನು ಇಸವಿ ಬದಲಿಸಿ ಸರಿಪಡಿಸಬೇಡಿ, ಹಾಗೆ ಮಾಡಿದರೆ ಅಬಿಲೀನ್ ಕೈತಪ್ಪುತ್ತದೆ, ಮರುವರ್ಷವೇ ಆ ಊರು ಟೆಕ್ಸಸ್ ದನಗಳು ಬೇಡವೆಂದಿತು. ಬಂದೂಕನ್ನೇ ಬದಲಿಸಿ. 1871ರಲ್ಲಿ ಬಡ ದನಗಾಹಿಯ ಬಳಿ ಇರಬಹುದಾಗಿದ್ದುದು ಅಮೆರಿಕದ ಅಂತರ್ಯುದ್ಧದ ಕಾಲದ ಹಳೆಯ ಕೋಲ್ಟ್ ರಿವಾಲ್ವರ್: ಪ್ರತಿ ಕುಳಿಗೂ ಮದ್ದು ಸುರಿದು, ಸೀಸದ ಗುಂಡು ಗಿಡಿದು, ಹಿಂದೆ ತಾಮ್ರದ ಪುಟ್ಟ ಟೋಪಿ ಕೂರಿಸಬೇಕು. ನಿಮಿಷಗಳು ಹಿಡಿಯುತ್ತವೆ, ಮದ್ದು ನೆನೆದರೆ ಹಾರುವುದಿಲ್ಲ. ನದಿ ದಾಟಿ ಬಂದವನ ಸೊಂಟದಲ್ಲಿ ಅಂಥದ್ದೊಂದು ಇದ್ದರೆ ಓದುಗನ ಎದೆ ತಾನಾಗಿ ಹೊಡೆದುಕೊಳ್ಳುತ್ತದೆ. ಅಂದ ಹಾಗೆ, ಪುಟ 97ರಲ್ಲಿ ಅವನು ಆರು ಕುಳಿಯ ರಿವಾಲ್ವರಿನಿಂದ ಒಂದೇ ಉಸಿರಿನಲ್ಲಿ ಹನ್ನೊಂದು ಗುಂಡು ಹಾರಿಸಿದ್ದಾನೆ. ಎಣಿಸಿದ್ದೇನೆ.

ಆ ಕೊನೆಯ ಕಾಳಗದ ಬಗ್ಗೆ ಯಾವ ಓದುಗರೂ ತಕರಾರು ಎತ್ತಿಲ್ಲ. ಸಿನಿಮಾಗಳಲ್ಲಿ ನೋಡಿ ಒಗ್ಗಿಹೋಗಿದೆ: ಖಾಲಿ ಬೀದಿ, ನಡುಹಗಲು, ಇಬ್ಬರು. ಅದೇ ವರ್ಷ ಅದೇ ಊರಿನಲ್ಲಿ ನಿಜವಾಗಿ ನಡೆದದ್ದನ್ನು ಕೇಳಿ. 1871ರ ಅಕ್ಟೋಬರ್ 5ರ ರಾತ್ರಿ ಅಬಿಲೀನ್‌ನ ಮಾರ್ಷಲ್ ವೈಲ್ಡ್ ಬಿಲ್ ಹಿಕಾಕ್, ಫಿಲ್ ಕೋ ಎಂಬ ಜೂಜುಗಾರನ ಮೇಲೆ ಗುಂಡು ಹಾರಿಸಿದ. ಗಲಾಟೆಯ ನಡುವೆ ಕತ್ತಲಲ್ಲಿ ಇನ್ನೊಬ್ಬ ತನ್ನತ್ತ ಓಡಿ ಬಂದದ್ದು ಕಂಡು ಅವನಿಗೂ ಹೊಡೆದ. ಸತ್ತವನು ಅವನ ಸಹಾಯಕ್ಕೆಂದೇ ಓಡಿ ಬಂದಿದ್ದ ಮೈಕ್ ವಿಲಿಯಮ್ಸ್, ಅವನದೇ ಗೆಳೆಯ, ಅವನದೇ ಡೆಪ್ಯುಟಿ. ಡಿಸೆಂಬರ್‌ನಲ್ಲಿ ಊರಿನವರು ಹಿಕಾಕ್‌ನನ್ನು ಕೆಲಸದಿಂದ ತೆಗೆದರು. ಮರುವರ್ಷದ ಆರಂಭದಲ್ಲಿ, ದಯವಿಟ್ಟು ಇನ್ನು ನಿಮ್ಮ ದನಗಳನ್ನು ಬೇರೆಲ್ಲಿಗಾದರೂ ಹೊಡೆದುಕೊಂಡು ಹೋಗಿ ಎಂದು ಟೆಕ್ಸಸ್‌ನವರಿಗೆ ಹೇಳಿಕಳಿಸಿದರು. ನಿಮ್ಮ ಕಾಳಗವನ್ನು ಇದರ ಪಕ್ಕದಲ್ಲಿಟ್ಟು ಓದಿಕೊಳ್ಳಿ. ಈ ಘಟನೆಯನ್ನೇ ತುರುಕಿ ಎಂದು ಹೇಳುತ್ತಿಲ್ಲ. ನಿಮ್ಮವನ ಗುಂಡು ಯಾಕೆ ಅಷ್ಟು ಸಲೀಸಾಗಿ ಸರಿಯಾದ ಎದೆಯನ್ನೇ ಹುಡುಕಿಕೊಂಡು ಹೋಯಿತು ಎಂದು ಕೇಳುತ್ತಿದ್ದೇನೆ.

ಆರನೆಯ ಅಧ್ಯಾಯದ "ಕಾಡುಜನರ ದಾಳಿ"ಯನ್ನು ಕಿತ್ತುಹಾಕಿ. ಇಂದಿನ ಒಕ್ಲಹೋಮ ಇರುವ ಆ ಪ್ರದೇಶದಲ್ಲಿ ಚಿಕಸಾ, ಚೆರೊಕೀ ಮೊದಲಾದವರು ತಮ್ಮದೇ ಸರ್ಕಾರ, ಕಾನೂನು ಕಟ್ಟಿಕೊಂಡಿದ್ದರು. ತಮ್ಮ ಹುಲ್ಲು ಮೇಯುವ ಹಿಂಡಿಗೆ ತಲೆಗಿಷ್ಟು ಎಂದು ಸುಂಕ ಕೇಳುತ್ತಿದ್ದರು. ಸುಂಕದ ಚೌಕಾಸಿ ಬಾಣಗಳ ಮಳೆಗಿಂತ ಒಳ್ಳೆಯ ದೃಶ್ಯ. ನಿಮ್ಮ ಪಾತ್ರಗಳು ನಡೆಯುವ ಜಾಡಿಗೆ ಹೆಸರು ಕೊಟ್ಟ ಜೆಸ್ಸಿ ಚಿಜಮ್ ಸ್ವತಃ ಚೆರೊಕೀ ತಾಯಿಯ ಮಗ, ಬಂಡಿ ಹೊಡೆಯುತ್ತಿದ್ದ ವ್ಯಾಪಾರಿ. 1868ರಲ್ಲೇ ತೀರಿಕೊಂಡಿದ್ದ. ಹಾಗೆಯೇ ನಿಮ್ಮ ಹನ್ನೆರಡು ಜನರೂ ಬಿಳಿಯರು. ಆ ಕಾಲದ ದನಗಾಹಿಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ಜನಾಂಗದವನಿದ್ದನೆಂದು ಇತಿಹಾಸಕಾರರ ಅಂದಾಜು. ಜೊತೆಗೆ ಮೆಕ್ಸಿಕೊದವರು, ಆ ಕಸುಬನ್ನು ಕಲಿಸಿದ್ದೇ ಅವರು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷ್ ಪದ ಜಾಸ್ತಿಯಾಯಿತು ಎಂದು ದೂರಿದ ಓದುಗರಿಗೆ, ರ‍್ಯಾಂಚ್, ಲ್ಯಾರಿಯಟ್ ಎಲ್ಲ ಮೂಲದಲ್ಲಿ ಸ್ಪ್ಯಾನಿಷ್ ಎಂದು ತಿಳಿಸಿ ಸುಮ್ಮನಿರಿ. ಅವು ಇರಲಿ. ನನಗೆ ತೊಂದರೆ ಕೊಟ್ಟದ್ದು ಅಪ್ಪಟ ಕನ್ನಡದ ಈ ಸಾಲು: "ಸೂರ್ಯ ರಕ್ತದ ಮಡುವಿನಲ್ಲಿ ಮುಳುಗುತ್ತಿದ್ದ, ಅವನ ಕಣ್ಣುಗಳಲ್ಲಿ ಸೇಡು ಹೊಗೆಯಾಡುತ್ತಿತ್ತು." ಇದನ್ನು ನೀವು ಬರೆದಿಲ್ಲ, ಎಲ್ಲೋ ಬಿದ್ದಿದ್ದನ್ನು ಎತ್ತಿಕೊಂಡಿದ್ದೀರಿ.

ನೀವೇ ಬರೆದದ್ದು ಪುಟ 41ರಲ್ಲಿದೆ. "ಅಡುಗೆಯವನು ಮಲಗುವ ಮುನ್ನ ಬಂಡಿಯ ಮೂಕಿಯನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಟ್ಟ. ಬೆಳಿಗ್ಗೆ ಮೋಡ ಮುಚ್ಚಿದ್ದರೂ ದಿಕ್ಕು ಸಿಗಬೇಕು." ಎರಡೇ ವಾಕ್ಯ. ಮನುಷ್ಯ, ಕಸುಬು, ಬಯಲು, ಭಯ ಎಲ್ಲ ಅಲ್ಲಿವೆ. "ಮೂಕಿ" ಎಂಬ ಮಾತು ಬಂದ ಕೂಡಲೇ ಟೆಕ್ಸಸ್ ನನ್ನ ಅಂಗಳಕ್ಕೆ ಬಂತು. ಒಂಬತ್ತು ಜನರಲ್ಲಿ ಒಬ್ಬರೂ ಇದನ್ನು ಗಮನಿಸಿಲ್ಲ, ಬಹುಶಃ ನೀವೂ ಗಮನಿಸಿಲ್ಲ, ಏಕೆಂದರೆ ಮುಂದಿನ ಸಾಲಿನಲ್ಲೇ ಮತ್ತೆ ಸೇಡು ಹೊಗೆಯಾಡಿದೆ. ಇಷ್ಟುದ್ದದ ಪತ್ರ ಬರೆಯಲು ಕೂತದ್ದು ಆ ಎರಡು ವಾಕ್ಯಗಳ ದೆಸೆಯಿಂದ.

ಹಾಗಾಗಿ ಮುನ್ನೂರು ಪುಟ ಬೇಡ. ನೂರರೊಳಗೆ ಇರಲಿ, ತೊಂಬತ್ತಾದರೂ ನನಗೆ ಸಂತೋಷ. ಅಣ್ಣನ ಸೇಡು ಬೇಕಿದ್ದರೆ ಇಟ್ಟುಕೊಳ್ಳಿ, ಅದು ಹಿಂಡಿನ ಹಿಂದೆ ಧೂಳಿನಲ್ಲಿ ಬರಲಿ. ನಾಯಕನಿಗೆ ತಿಂಗಳ ಸಂಬಳ ಕೊಡಿ. ಮೂವತ್ತು ನಲವತ್ತು ಡಾಲರ್ ಸಿಗುತ್ತಿತ್ತು, ಅವನೇಕೆ ಬಿಟ್ಟಿ ದುಡಿಯಬೇಕು? ಟೆಕ್ಸಸ್‌ನಲ್ಲಿ ನಾಲ್ಕು ಡಾಲರಿಗೆ ಸಿಗುವ ದನಕ್ಕೆ ಉತ್ತರದಲ್ಲಿ ಮೂವತ್ತು ನಲವತ್ತು ಸಿಗುತ್ತದೆ ಎಂಬ ಲೆಕ್ಕ ಯಾರದಾದರೂ ಬಾಯಲ್ಲಿ ಬರಲಿ, ಇಷ್ಟು ಜನ ಪ್ರಾಣ ಒತ್ತೆಯಿಟ್ಟು ನಡೆದದ್ದೇಕೆಂದು ಆಗ ತಿಳಿಯುತ್ತದೆ. ಓದುಗರ ಅಭಿಪ್ರಾಯಗಳನ್ನು ಪುಸ್ತಕದ ಮೊದಲಲ್ಲಿ ಅಚ್ಚು ಹಾಕಿಸುವ ನಿಮ್ಮ ಯೋಚನೆಯನ್ನು ಬಿಡಿ, ನಾವು ಹಾಕುವುದಿಲ್ಲ.

ಹಸ್ತಪ್ರತಿಯನ್ನು ಅಂಚಿನ ಗುರುತುಗಳೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ತಿದ್ದಿದ ಪ್ರತಿಯನ್ನು ನನಗೆ ಕಳಿಸುವ ಮೊದಲು ಕಡೂರಿಗೆ ಹೋಗಿ ಬನ್ನಿ. ನಾಲ್ಕರಿಂದ ಏಳರವರೆಗಿನ ಅಧ್ಯಾಯಗಳನ್ನು ಚಿಕ್ಕಮ್ಮನಿಗೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಆ ಪ್ರತಿಯನ್ನೇ ನನಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ