ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಮೊಲಕ್ಕೆ ಏನು ಹಾಕಲಿ?

ಪ್ರಶ್ನೆ: ಅಕ್ಕಾ, ನಮ್ಮದು ಬೆಳ್ಮಣ್ ಹತ್ತಿರ. ಮಾಂಸಕ್ಕೆಂದು ಮೇ ತಿಂಗಳಲ್ಲಿ ಹತ್ತು ನ್ಯೂಜಿಲೆಂಡ್ ವೈಟ್ ಮೊಲ ತಂದೆ. ತೋಟದಲ್ಲಿ ಹುಲ್ಲಿಗೇನೂ ಕಡಿಮೆ ಇಲ್ಲ; ಬೆಳಿಗ್ಗೆ ಕೊಯ್ದು ಹಾಗೇ ಹಾಕುತ್ತಿದ್ದೆ. ರಾತ್ರಿ ಮಿಕ್ಕಿದ ಅನ್ನ, ಗಂಜಿಯನ್ನೂ ಕೊಡುತ್ತಿದ್ದೆ. ಮಳೆ ಹಿಡಿದ ಮೇಲೆ ಮೂರು ಎಳೆಯ ಮೊಲಗಳು ಹೊಟ್ಟೆ ಉಬ್ಬಿ, ಭೇದಿಯಾಗಿ ಸತ್ತವು. ತಪ್ಪು ಎಲ್ಲಾಯಿತು?

ಉತ್ತರ: ನಿಮ್ಮ ಕಾಗದ ಓದುವಾಗ ಶಿರ್ವದ ನಮ್ಮ ಮನೆಯಲ್ಲಿ ಮೊಲ ಸಾಕಿದ ಮೊದಲ ವರ್ಷದ ಆಟಿ ತಿಂಗಳು (ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ) ಕಣ್ಣಿಗೆ ಕಟ್ಟಿತು. ನಾನೂ ಗದ್ದೆ ಹುಣಿಯ ಹುಲ್ಲನ್ನು ನೀರು ತೊಟ್ಟಿಕ್ಕುತ್ತಿದ್ದಂತೆಯೇ ಗೂಡಿಗೆ ತುಂಬಿದ್ದೆ. ನಾಲ್ಕನೇ ದಿನ ಒಂದು ಮರಿ ಮೂಲೆ ಹಿಡಿದು ಕೂತಿತು. ಮಡಿಲಿಗೆ ತೆಗೆದುಕೊಂಡರೆ ಹೊಟ್ಟೆ ಚೆಂಡೆಯ ಹಾಗೆ ಬಿಗಿದಿತ್ತು, ಕಿರುಕಿರು ಹಲ್ಲು ಕಡಿಯುತ್ತಿತ್ತು. ಮೊಲ ಹಾಗೆ ಹಲ್ಲು ಕಡಿಯುವುದು ನೋವಿಗೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಸಂಜೆಯೊಳಗೆ ಅದು ಹೋಯಿತು, ಆ ವಾರದಲ್ಲಿ ಇನ್ನೂ ನಾಲ್ಕು ಹೋದವು.

ಮೊಲದ ಕರುಳಿನಲ್ಲಿ ಒಂದು ದೊಡ್ಡ ಚೀಲವಿದೆ. ಹುಲ್ಲಿನ ನಾರು ಅಲ್ಲಿ ಹುಳಿತು ಜೀರ್ಣವಾಗಬೇಕು. ನಾರು ಕಡಿಮೆಯಾಗಿ ಅನ್ನ, ಗಂಜಿ ಒಟ್ಟಿಗೆ ಹೋದರೆ ಅಲ್ಲಿ ಬೇಡದ ಜೀವಾಣುಗಳು ಹೆಚ್ಚಿ ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಹಾಗಾಗಿ ಅನ್ನವನ್ನು ಇವತ್ತೇ ನಿಲ್ಲಿಸಿ. ಹುಲ್ಲನ್ನು ಮುನ್ನಾದಿನವೇ ಕೊಯ್ದು ಜಗಲಿಯಲ್ಲೋ ಅಟ್ಟದಲ್ಲೋ ತೆಳ್ಳಗೆ ಹರವಿ, ಬಾಡಿದ ಮೇಲೆ ಹಾಕಿ. ರಾಶಿ ಹಾಕಿಟ್ಟರೆ ಒಳಗೆ ಬಿಸಿಯೇರಿ ಕೊಳೆಯುತ್ತದೆ. ಕೈ ಹಾಕಿದಾಗ ಬೆಚ್ಚಗಿದ್ದರೆ ಅದು ಮೊಲಕ್ಕೆ ಬೇಡ. ಮೊಲ ಹೆಚ್ಚು ತಿನ್ನುವುದು ಮುಸ್ಸಂಜೆಯಿಂದ ಬೆಳಗಿನ ತನಕ, ಆದ್ದರಿಂದ ದೊಡ್ಡ ಊಟ ಸಂಜೆಗೇ ಇರಲಿ. ಒಣಹುಲ್ಲು ಮಾತ್ರ ಹಗಲು ರಾತ್ರಿ ಗೂಡಿನಲ್ಲಿ ಇರಲೇಬೇಕು. ಸಾಯುವ ತನಕ ಹಲ್ಲು ಬೆಳೆಯುತ್ತಲೇ ಇರುವ ಪ್ರಾಣಿ, ಅರೆಯಲು ಏನಾದರೂ ಬೇಕು. ಬೇರೇನೂ ಇಲ್ಲದಿದ್ದರೆ ಬೈಹುಲ್ಲಾದರೂ ಆಗಲಿ. ಬೈಹುಲ್ಲು ಹೊಟ್ಟೆ ಕಾಯುತ್ತದೆ, ಮೈ ಬೆಳೆಸುವುದಿಲ್ಲ. ಹಲಸಿನ ಎಲೆ, ದಾಸವಾಳದ ಸೊಪ್ಪು, ಅಲಸಂಡೆ ಬಳ್ಳಿ ನಮ್ಮ ಮೊಲಗಳಿಗೆ ಬಹಳ ಇಷ್ಟ. ಮರಗೆಣಸಿನ ಹಸಿ ಎಲೆ, ಆಲೂಗಡ್ಡೆಯ ಮೊಳಕೆ ಹತ್ತಿರವೂ ಬೇಡ, ವಿಷ.

ಮೂರೂವರೆ ಕಿಲೋ ತೂಗುವ ದೊಡ್ಡ ಮೊಲಕ್ಕೆ ಹುಲ್ಲಿನ ಜತೆ ದಿನಕ್ಕೆ 100ರಿಂದ 120 ಗ್ರಾಂ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆ ಮೇವು) ಸಾಕು. ಹಾಲೂಡಿಸುವ ತಾಯಿಗೆ ಅದರ ಇಮ್ಮಡಿ ಬೇಕು, ನೀರಂತೂ ಬತ್ತಲೇಬಾರದು. ಹಿಂಡಿಯನ್ನು ಮನೆಯಲ್ಲೇ ಬೆರೆಸುವುದಾದರೆ ಪುಡಿಯಾಗಿ ಇಡಬೇಡಿ, ಮೂಗಿಗೆ ಹೋಗಿ ಸೀನುತ್ತವೆ. ಸ್ವಲ್ಪ ನೀರು ಚಿಮುಕಿಸಿ ಉಂಡೆ ಕಟ್ಟಿ ಕೊಡಿ, ಮಿಕ್ಕಿದ್ದನ್ನು ತೆಗೆದುಬಿಡಿ. ನಮ್ಮ ಮಳೆಗೆ ನೆಲಗಡಲೆ ಹಿಂಡಿ ಬೇಗ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನ ವಿಷ ನೇರ ಪಿತ್ತಜನಕಾಂಗಕ್ಕೆ (ಲಿವರ್) ಬಡಿಯುತ್ತದೆ. ಎರಡು ಮೂರು ವಾರಕ್ಕೆ ಆಗುವಷ್ಟೇ ತನ್ನಿ. ಯಾವುದೇ ಹೊಸ ಮೇವನ್ನು ಹಳೆಯದರ ಜತೆ ಬೆರೆಸುತ್ತಾ ಹತ್ತು ದಿನದಲ್ಲಿ ಬದಲಿಸಿ.

ಇಷ್ಟಾದರೂ ನಿಮ್ಮ ಮರಿಗಳು ಸತ್ತದ್ದು ಮೇವಿನಿಂದಲೇ ಎಂದು ದೂರದಿಂದ ಹೇಳಲಾರೆ. ಒದ್ದೆ ಗೂಡಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿಯ ರೋಗ ಕೂಡ ಹೀಗೇ ಭೇದಿ ತರುತ್ತದೆ, ಒಂದರಿಂದ ಇನ್ನೊಂದಕ್ಕೆ ಹಿಕ್ಕೆಯ ಮೂಲಕ ಹಬ್ಬುತ್ತದೆ. ಉಳಿದ ಏಳರ ಹಿಕ್ಕೆಯನ್ನು ನಾಳೆಯೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಿಕ್ಕೆ ಕೆಳಗೆ ಉದುರಿಹೋಗುವಂತೆ ಗೂಡಿನ ತಳಕ್ಕೆ ತಂತಿಜಾಲರಿ ಇರಲಿ.

ಪ್ರಶ್ನೆ: ನಮ್ಮ ಮೊಲ ಬಗ್ಗಿ ತನ್ನ ಹಿಕ್ಕೆಯನ್ನೇ ತಿನ್ನುತ್ತದೆ. ರೋಗವೇ? (ಸುರತ್ಕಲ್‌ನಿಂದ)

ಉತ್ತರ: ಅಲ್ಲ. ಅದು ಸಾಮಾನ್ಯ ಗೋಲಿ ಹಿಕ್ಕೆಯಲ್ಲ. ಮೆತ್ತಗೆ, ಮಿರಿಮಿರಿ, ಸಣ್ಣ ದ್ರಾಕ್ಷಿಗೊಂಚಲಿನ ಹಾಗಿರುತ್ತದೆ. ಅದರಲ್ಲಿ ಬಿ ಜೀವಸತ್ವವೂ ಪ್ರೋಟೀನೂ ಇದೆ. ಅದನ್ನು ಮೊಲ ತಿನ್ನದೆ ಗೂಡಿನಲ್ಲಿ ಮೆತ್ತಿಕೊಂಡು ಬಿದ್ದಿದ್ದರೆ ಆಗ ಯೋಚಿಸಿ: ಮೊಲ ಬೊಜ್ಜಾಗಿರಬಹುದು, ಪೆಲೆಟ್ ಹೆಚ್ಚಾಗಿರಬಹುದು.

ಪ್ರಶ್ನೆ: ಅಕ್ಕಾ, ಮೊನ್ನೆ ಏಳು ಮರಿ ಹಾಕಿದ ತಾಯಿ ಅವುಗಳ ಹತ್ತಿರವೇ ಹೋಗುವುದಿಲ್ಲ. ಬಾಟಲಿ ಹಾಲು ಕೊಡಲೇ? (ಮೂಡುಬಿದಿರೆಯಿಂದ)

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ಮೊಲ ಕೋಳಿಯ ಹಾಗೆ ಮರಿಗಳ ಮೇಲೆ ಕೂರುವುದಿಲ್ಲ. ದಿನಕ್ಕೆ ಒಂದೆರಡು ಸಲ, ಮೂರು ನಾಲ್ಕು ನಿಮಿಷ ಹಾಲೂಡಿಸಿ ಹೊರಬರುತ್ತದೆ, ಹೆಚ್ಚಾಗಿ ನಮಗೆ ಕಾಣದ ಹೊತ್ತಿನಲ್ಲಿ. ಬೆಳಿಗ್ಗೆ ಕೈ ತೊಳೆದು, ತಾಯಿ ಕಿತ್ತು ಹಾಸಿದ ತುಪ್ಪಳವನ್ನು ಮೆಲ್ಲನೆ ಸರಿಸಿ ನೋಡಿ. ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗಿದ್ದು, ತೆಳು ಚರ್ಮದ ಕೆಳಗೆ ಹಾಲಿನ ಬಿಳುಪು ಕಾಣುತ್ತದೆ. ಹೊಟ್ಟೆ ಸುಕ್ಕುಗಟ್ಟಿ ಮರಿ ತಣ್ಣಗಿದ್ದರೆ ಮೊದಲು ಅಂಗೈಯಲ್ಲಿ ಬೆಚ್ಚಗಾಗಿಸಿ, ಆಮೇಲೆ ತಾಯಿಯನ್ನು ನಿಧಾನ ಹಿಡಿದು ಕುಡಿಸಿ. ನಾನು ಹಾಗೆ ಎಷ್ಟೋ ಮರಿಗಳನ್ನು ಉಳಿಸಿಕೊಂಡಿದ್ದೇನೆ. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತವೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮೂರು ಹೆಣ್ಣುಗಳಿಗೆ ಗಂಡು ಬಿಟ್ಟೆ, ಒಂದೂ ಗಬ್ಬ ಕಟ್ಟಲಿಲ್ಲ. (ಮಂಗಳೂರಿನಿಂದ)

ಉತ್ತರ: ಗೂಡು ತಾರಸಿಯ ಮೇಲೆ, ತಗಡಿನ ಮಾಡಿನ ಕೆಳಗೆ ಎಂದು ಬರೆದಿದ್ದೀರಿ. ಕಾರಣ ಸೆಕೆಯೇ ಇರಬೇಕು. ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಬಿಸಿ ಬಿಡಬೇಕು. 32 ಡಿಗ್ರಿ ದಾಟಿದ ಸೆಕೆ ದಿನಗಟ್ಟಲೆ ಹಿಡಿದರೆ ಗಂಡಿನ ವೀರ್ಯ ಕೆಡುತ್ತದೆ, ಸುಧಾರಿಸಲು ಸುಮಾರು ಎರಡು ತಿಂಗಳು ಬೇಕು. ತಗಡಿನ ಮೇಲೆ ತೆಂಗಿನ ಮಡಲು ಹೊದಿಸಿ, ಮಧ್ಯಾಹ್ನ ಗೋಣಿ ನೆನೆಸಿ ಗಾಳಿ ಬರುವ ಬದಿಗೆ ಕಟ್ಟಿ. ಗಂಡಿನ ಪಕ್ಕಕ್ಕೆ ನೀರು ಹೆಪ್ಪುಗಟ್ಟಿಸಿದ ಬಾಟಲಿ ಇಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಪ್ರಯತ್ನಿಸಿ, ಆದರೆ ಈ ಸಲ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಿರಿ. ತನ್ನ ಗೂಡಿಗೆ ಬಂದ ಗಂಡನ್ನು ಹೆಣ್ಣು ಕಚ್ಚಿ ಓಡಿಸುತ್ತದೆ.