ಧರ್ಮ ಬೇರೆಯಾದರೆ ಪಂಗಡ ತಪ್ಪುತ್ತದೆಯೇ?

ಪ್ರಶ್ನೆ: ನಾವು ಕ್ರೈಸ್ತ ಸಿದ್ದಿಗಳು. ಮಗಳ ವರ್ಗಾವಣೆ ಪತ್ರದ ಜಾತಿ ಅಂಕಣದಲ್ಲಿ ‘ಕ್ರಿಶ್ಚಿಯನ್’ ಎಂದಷ್ಟೇ ಇದೆ. ಕ್ರೈಸ್ತರಿಗೆ ಪರಿಶಿಷ್ಟ ಪಂಗಡದ ಮೀಸಲಾತಿ ಸಿಗುವುದಿಲ್ಲವೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ಮೀಸಲಾತಿ ಇದ್ದೂ ಸರ್ಕಾರಿ ಕಚೇರಿಗಳಲ್ಲಿ ನಮ್ಮವರು ಅಪರೂಪವಾಗಿರುವುದೇಕೆ?
— ಓದುಗರೊಬ್ಬರು, ಹಳಿಯಾಳ ತಾಲ್ಲೂಕು

ಉತ್ತರ: ನಿಮ್ಮ ಪರಿಚಿತರು ಪರಿಶಿಷ್ಟ ಜಾತಿಯ ನಿಯಮವನ್ನು ಪಂಗಡಕ್ಕೂ ಅನ್ವಯಿಸಿ ಹೇಳಿದ್ದಾರೆ. ಧರ್ಮದ ಷರತ್ತಿರುವುದು ಪರಿಶಿಷ್ಟ ಜಾತಿಗಳ 1950ರ ಆದೇಶದಲ್ಲಿ. ಮೊದಲು ಹಿಂದೂಗಳಿಗೆ ಸೀಮಿತವಾಗಿದ್ದ ಅದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಅಂಥ ಷರತ್ತಿಲ್ಲ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇರುವುದರಿಂದ, ಧರ್ಮವನ್ನೇ ಅಳತೆಗೋಲು ಮಾಡಿಕೊಂಡರೆ ಒಂದೇ ಸಮುದಾಯವನ್ನು ಮೂರು ಪಾಲು ಮಾಡಬೇಕಾದೀತು.

ಕಾನೂನು ನೋಡುವುದು ಪಂಗಡವನ್ನು ಮತ್ತು ಪ್ರದೇಶವನ್ನು. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದಾಗ ಉತ್ತರ ಕನ್ನಡ ಜಿಲ್ಲೆಯವರಷ್ಟೇ ಸೇರಿದ್ದರು. ಹಳಿಯಾಳದವರಿಗೆ ಮಾನ್ಯತೆ ಇದ್ದು, ಗಡಿಯಾಚೆ ಖಾನಾಪುರದಲ್ಲೋ ಕಲಘಟಗಿಯಲ್ಲೋ ಇರುವ ಅವರ ನೆಂಟರಿಗೆ ಅದಿಲ್ಲ ಎಂಬ ವಿಚಿತ್ರ ಸ್ಥಿತಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು 2020ರಲ್ಲಿ ಸೇರಿಸುವವರೆಗೂ ಮುಂದುವರಿಯಿತು.

ಹಾಗಾಗಿ ನಿಮ್ಮ ಮಗಳಿಗೆ ತೊಡಕಾಗಬಹುದಾದದ್ದು ಧರ್ಮವಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಯಾರೋ ಅವಸರದಲ್ಲಿ ಬರೆದ ಆ ಒಂದು ಪದ.

ಎರಡನೆಯ ಪ್ರಶ್ನೆಗೆ ಕಾಗದಪತ್ರಗಳಲ್ಲಿ ಉತ್ತರ ಸಿಗದು. ರಾಜ್ಯದಲ್ಲಿ ಪಂಗಡದ ಮೀಸಲಾತಿಯನ್ನು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿಸಲಾಯಿತಾದರೂ, ಅದು ಪಟ್ಟಿಯಲ್ಲಿರುವ ಎಲ್ಲರಿಗೂ ಸೇರಿದ ಒಂದೇ ರಾಶಿ. 2011ರ ಜನಗಣತಿಯಂತೆ ಇವರೆಲ್ಲರ ಸಂಖ್ಯೆ 42 ಲಕ್ಷಕ್ಕೂ ಹೆಚ್ಚು. ಕೆಲವೇ ಸಾವಿರವಿರುವ, ಕಾಡಂಚಿನಲ್ಲಿ ಚದುರಿರುವ ಸಿದ್ದಿಗಳು, ತಲೆಮಾರುಗಳಿಂದ ಓದು ಕಂಡ ಸಮುದಾಯಗಳ ಅಭ್ಯರ್ಥಿಗಳೊಂದಿಗೆ ಅದೇ ರಾಶಿಗೆ ಸ್ಪರ್ಧಿಸಬೇಕು. ಪರಿಶಿಷ್ಟರೊಳಗೆ ಉಪವರ್ಗೀಕರಣ, ಅಂದರೆ ಒಳಗುಂಪುಗಳನ್ನು ಮಾಡಿ ಪಾಲು ಹಂಚುವುದನ್ನು, ಮಾಡಬಹುದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿದ ಮೇಲೆ ನಮ್ಮ ಸರ್ಕಾರ ನೇಮಿಸಿದ ನಾಗಮೋಹನದಾಸ್ ಆಯೋಗದ ವ್ಯಾಪ್ತಿ ಪರಿಶಿಷ್ಟ ಜಾತಿಗಳಿಗಷ್ಟೇ ಇತ್ತು. ಸಣ್ಣ ಪಂಗಡಗಳ ಪಾಲನ್ನು ಲೆಕ್ಕ ಹಾಕುವ ಕೆಲಸವನ್ನೂ ಅದೇ ಹೊತ್ತಿಗೆ ಕೈಗೆತ್ತಿಕೊಳ್ಳಬೇಕಿತ್ತೆಂಬುದು ನನ್ನ ಅಭಿಪ್ರಾಯ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಾಗ ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ದೊರೆತದ್ದೂ ಉಂಟು. ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಸದ್ಯಕ್ಕೆ ನೇಮಕಾತಿಯ ಅಧಿಸೂಚನೆ ಬರುವವರೆಗೆ ಕಾಯಬೇಡಿ. ವಂಶವೃಕ್ಷ, ನಿಮ್ಮ ಹಾಗೂ ನಿಮ್ಮ ಮನೆಯವರ ಹಳೆಯ ಶಾಲಾ ದಾಖಲೆ, ಒಡಹುಟ್ಟಿದವರಿಗೆ ಈಗಾಗಲೇ ಪ್ರಮಾಣಪತ್ರ ಸಿಕ್ಕಿದ್ದರೆ ಅದರ ಪ್ರತಿ, ಇವಿಷ್ಟನ್ನೂ ಲಗತ್ತಿಸಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆದು ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ನೇಮಕಾತಿಯ ಹಂತದಲ್ಲಿ ಸಿಂಧುತ್ವ ಪ್ರಮಾಣಪತ್ರವನ್ನೂ, ಅಂದರೆ ಮೊದಲ ಪ್ರಮಾಣಪತ್ರ ಸರಿಯಿದೆ ಎಂದು ಪರಿಶೀಲಿಸಿ ಕೊಡುವ ಪತ್ರವನ್ನೂ, ಕೇಳುತ್ತಾರೆ. ಆಗಲೂ ಇವೇ ದಾಖಲೆಗಳು ಬೇಕಾಗುವುದರಿಂದ ಮೂಲ ಪ್ರತಿಗಳನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.